ಸಿಹಿಯ ಕೊರತೆ, ಅನ್ನದ ಕೊರತೆ

ಎರಡನೇ ಮಹಾಯುದ್ಧ ಶುರುವಾದ ಮೇಲೆ ಬ್ರಿಟನ್ನಿನಲ್ಲಿ ಸಕ್ಕರೆಗೂ ರೇಷನ್ ಬಂತು. 1940ರ ಜನವರಿಯಲ್ಲಿ ಸಕ್ಕರೆಗೆ, 1942ರಲ್ಲಿ ಮಿಠಾಯಿಗೆ. 1945ರಲ್ಲಿ ಯುದ್ಧ ಮುಗಿದರೂ ರೇಷನ್ ಮುಗಿಯಲಿಲ್ಲ. 1953ರ ಫೆಬ್ರವರಿಯಲ್ಲಿ ಮಿಠಾಯಿಯ ಕಟ್ಟು ಬಿಚ್ಚಿದಾಗ ಮಕ್ಕಳು ಪುಡಿಗಾಸು ಹಿಡಿದು ಅಂಗಡಿಗಳ ಮುಂದೆ ಸಾಲುಗಟ್ಟಿದರು. ಸೆಪ್ಟೆಂಬರಿನಲ್ಲಿ ಸಕ್ಕರೆಗೂ ಬಿಡುಗಡೆ ಸಿಕ್ಕಿತು. ಅಲ್ಲಿಯತನಕ ತಲೆಗೆ ದಿನಕ್ಕೆ ಸುಮಾರು 40 ಗ್ರಾಂ ಇದ್ದ ಬಳಕೆ ಬೇಗನೆ ಹೆಚ್ಚುಕಡಿಮೆ ಎರಡರಷ್ಟಾಯಿತು.

ಸರ್ಕಾರ ಮಾಡಿದ್ದು ಆಹಾರದ ಹಂಚಿಕೆ. ಅದು ತಾನಾಗಿ ಒಂದು ದೊಡ್ಡ ಪ್ರಯೋಗವೂ ಆಯಿತು. ಒಂದೇ ಬೀದಿಯಲ್ಲಿ 1952ರಲ್ಲಿ ಒಂದು ಕೂಸು, 1955ರಲ್ಲಿ ಇನ್ನೊಂದು ಕೂಸು ಹುಟ್ಟಿತೆನ್ನಿ. ಇಬ್ಬರೂ ಬೆಳೆದದ್ದು ಒಂದೇ ಊರಿನಲ್ಲಿ, ಅವೇ ಆಸ್ಪತ್ರೆಗಳ ನೆರಳಿನಲ್ಲಿ. ಮೊದಲನೆಯ ಕೂಸಿನ ಬಸಿರು-ಬಾಣಂತನಕ್ಕೆ ರೇಷನ್ನಿನ ಹಿಡಿತವಿತ್ತು, ಎರಡನೆಯದಕ್ಕೆ ಇರಲಿಲ್ಲ. 1951ರ ಅಕ್ಟೋಬರಿನಿಂದ 1956ರ ಮಾರ್ಚ್‌ವರೆಗೆ ಹುಟ್ಟಿದ ಸುಮಾರು 60 ಸಾವಿರ ಜನರ ಆರೋಗ್ಯದ ದಾಖಲೆಗಳನ್ನು ಸಂಶೋಧಕರು ಹೀಗೆ ಹೋಲಿಸಿದರು. ಫಲಿತಾಂಶ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಎಳವೆಯಲ್ಲಿ ಸಕ್ಕರೆ ಕಡಿಮೆ ಕಂಡವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಸುಮಾರು 35%, ರಕ್ತದೊತ್ತಡದ ಸಾಧ್ಯತೆ ಸುಮಾರು 20% ಕಡಿಮೆಯಿತ್ತು. ಕಾಯಿಲೆ ಬಂದವರಿಗೂ ತಡವಾಗಿ ಬಂದಿತ್ತು: ಸಕ್ಕರೆ ಕಾಯಿಲೆ ನಾಲ್ಕು ವರ್ಷ, ರಕ್ತದೊತ್ತಡ ಎರಡು ವರ್ಷ.

ಈ ಲಾಭದ ಮೂರನೇ ಒಂದು ಪಾಲು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಸಿಕ್ಕಿತ್ತು. ಹುಟ್ಟಿ ಆರು ತಿಂಗಳಾದ ಮೇಲೂ ರೇಷನ್ ಮುಂದುವರಿದಿದ್ದರೆ ಲಾಭ ಇನ್ನೂ ಹೆಚ್ಚುತ್ತಿತ್ತು. ಕೂಸಿನ ಬಾಯಿಗೆ ಮೊದಲ ತುತ್ತು ಬೀಳುವುದು ಆ ಹೊತ್ತಿಗೇ.

ಮಿಷನ್ ಆಸ್ಪತ್ರೆಯ ಹಳೆಯ ಪುಸ್ತಕಗಳು

ಹಾಗಾದರೆ ಮಕ್ಕಳಿಗೆ ಕಡಿಮೆ ಕೊಟ್ಟಷ್ಟೂ ಒಳ್ಳೆಯದೇ? ಅಲ್ಲ. ಆ ಬ್ರಿಟಿಷ್ ಕೂಸುಗಳು ಹಸಿದಿರಲಿಲ್ಲ. ಎಳೆಯ ಮಕ್ಕಳಿಗೂ ಬಸುರಿಯರಿಗೂ ಹಾಲು, ಕಿತ್ತಳೆ ರಸ, ಮೀನೆಣ್ಣೆಯನ್ನು ಸರ್ಕಾರವೇ ಕೊಡುತ್ತಿತ್ತು. ಕಡಿಮೆಯಾಗಿದ್ದು ಸಿಹಿ, ಊಟವಲ್ಲ. ಊಟವೇ ಕಡಿಮೆಯಾದರೆ ಏನಾಗುತ್ತದೆಂದು ತಿಳಿಯಲು ಮೈಸೂರಿಗೆ ಬರಬೇಕು.

ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಜನರನ್ನು ಸಂಶೋಧಕರು ಹುಡುಕಿ, ಹೃದಯ ತಪಾಸಣೆ ಮಾಡಿ, 1996ರಲ್ಲಿ ವರದಿ ಪ್ರಕಟಿಸಿದರು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿ ಹುಟ್ಟಿದವರಲ್ಲಿ 11% ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕಿಲೋ ಮೀರಿದವರಲ್ಲಿ 3% ಮಾತ್ರ. ಕೂಸೂ ಸಣ್ಣದು, ಬಸುರಿಯಾಗಿದ್ದಾಗ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಎಂದಾದರೆ 20%.

ಇದಕ್ಕೆ ತಜ್ಞರು ಕೊಡುವ ವಿವರಣೆ ಬಡವರ ಮನೆಯ ಜಮಾಖರ್ಚಿನ ಹಾಗಿದೆ. ಹೊಟ್ಟೆಯೊಳಗಿನ ಕೂಸಿಗೆ ಪೋಷಣೆ ಸಾಲದಿದ್ದಾಗ ಇದ್ದುದರಲ್ಲಿ ಮಿದುಳಿಗೆ ಮೊದಲ ಪಾಲು. ಮೇದೋಜೀರಕ ಗ್ರಂಥಿ, ಮೂತ್ರಪಿಂಡ, ಸ್ನಾಯುಗಳಿಗೆ ಮಿಕ್ಕಿದ್ದು. ಹೀಗೆ ಸಣ್ಣ ಬಂಡವಾಳದಲ್ಲಿ ಕಟ್ಟಿದ ಮೈಗೆ ಮುಂದೆ ಸಕ್ಕರೆ, ಮೈದಾ, ಎಣ್ಣೆಯ ಹೊರೆ ಬಿದ್ದರೆ ತಡೆಯುವುದು ಕಷ್ಟ. ನಮ್ಮ ದೇಶದಲ್ಲಿ ಹಗುರಾಗಿ ಹುಟ್ಟುವ ಕೂಸುಗಳು ಬಹಳ. ಆದ್ದರಿಂದ ಬ್ರಿಟನ್ನಿನ ಪಾಠ ನಮಗೆ ಇನ್ನಷ್ಟು ಅಗತ್ಯ.

ಇವೆಲ್ಲ ನೂರಾರು, ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ಒಲವು. ಹಗುರಾಗಿ ಹುಟ್ಟಿದ ಕೂಸಿನ ಹಣೆಬರಹವೇನೂ ಅಲ್ಲ.

ಬಟ್ಟಲಲ್ಲಿ ಏನಿರಬೇಕು?

ಆರು ತಿಂಗಳವರೆಗೆ ಎದೆಹಾಲು ಸಾಕು. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ದಾಸ್ತಾನು ಆ ಹೊತ್ತಿಗೆ ಕರಗುತ್ತ ಬರುತ್ತದೆ. ಆಗ ಎದೆಹಾಲಿನ ಜೊತೆಗೆ ಊಟ ಬೇಕು. ಕೂಸಿನ ಹೊಟ್ಟೆ ಚಿಕ್ಕದು. ಒಂದು ಸಲಕ್ಕೆ ಒಂದು ಲೋಟದಷ್ಟು ಹಿಡಿದರೆ ಹೆಚ್ಚು. ನೀರಾದ ಗಂಜಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸೇರುವುದಿಲ್ಲ. ಗಟ್ಟಿ ಮಾಡಿದರೆ ನುಂಗಲಾರದು.

ಈ ಇಕ್ಕಟ್ಟಿಗೆ ನಮ್ಮ ಅಡುಗೆಮನೆ ಎಂದೋ ದಾರಿ ಕಂಡುಕೊಂಡಿದೆ. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟೇ ಸರಿಹಿಟ್ಟು; ಅದರ ಗಂಜಿಯೇ ‘ಸರಿ’. ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಕತ್ತರಿಸುತ್ತದೆ. ಆದ್ದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಂಟಲಿಗೆ ಅಂಟದೆ ಸಡಿಲವಾಗಿರುತ್ತದೆ. ಕೆಂಪಗೆ ಹುರಿದರೆ ಕಿಣ್ವ ಸಾಯುತ್ತದೆ. ಘಮ ಬಂದರೂ ಗುಣ ಹೋಗುತ್ತದೆ. ರಾಗಿಯಲ್ಲಿ ಸುಣ್ಣದಂಶ ಧಾರಾಳ. ಆದರೂ ಅದೊಂದೇ ಸಾಲದು. ಬೇಯಿಸಿ ಮಸೆದ ಬೇಳೆ, ಸೊಪ್ಪು, ಹಣ್ಣು, ಒಂದು ಚಮಚ ತುಪ್ಪ, ತಿನ್ನುವ ಮನೆಯಾದರೆ ಮೊಟ್ಟೆ ಒಂದೊಂದಾಗಿ ಸೇರಬೇಕು.

ಸೇರಬಾರದ್ದು ಸಕ್ಕರೆ. ಎರಡು ವರ್ಷದವರೆಗೆ ಅದರ ಅಗತ್ಯವೇ ಇಲ್ಲ. “ಬೆಲ್ಲ ಆದೀತಲ್ಲ” ಎಂದು ಕೇಳುವವರಿದ್ದಾರೆ. ಬೆಲ್ಲವೂ ಬಹುಪಾಲು ಸಕ್ಕರೆಯೇ. ಹಾಲಿನಲ್ಲಿ ಅದ್ದಿ ತಿನ್ನಿಸುವ ಬಿಸ್ಕತ್ತೂ ಅಷ್ಟೇ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೂಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯದ ಬೀಜಾಣುಗಳು ಎಳೆಗರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು.

ಸರಿಯನ್ನು ತೊಳಸಿ ಇಳಿಸಿದ ಅಜ್ಜಿ ಬಿಸಿ ನೋಡಲೆಂದು ಚಮಚ ನಾಲಿಗೆಗೆ ಮುಟ್ಟಿಸುತ್ತಾರೆ. “ಅಯ್ಯೋ, ಸಪ್ಪೆ!” ಎಂದು ಸಕ್ಕರೆ ಡಬ್ಬಿಗೆ ಕೈ ಹಾಕುತ್ತಾರೆ. ಆ ಕೈಯನ್ನು ಅಲ್ಲೇ ತಡೆಯಬೇಕು. ಕಿಣ್ವ ಕತ್ತರಿಸಿದ ಪಿಷ್ಟದಲ್ಲಿ ಸಣ್ಣಗೆ ಸಿಹಿ ಆಗಲೇ ಇದೆ. ಜಾಮೂನು, ಜಿಲೇಬಿ ತಿಂದು ಪಳಗಿದ ಅಜ್ಜಿಯ ನಾಲಿಗೆಗೆ ಅದು ಹತ್ತುವುದಿಲ್ಲ. ಎದೆಹಾಲಷ್ಟೇ ಗೊತ್ತಿರುವ ಕೂಸಿಗೆ ಹತ್ತುತ್ತದೆ.