ಪಾಲಿಕೆ ನೋಟಿಸ್ ಬಂದ ಮೇಲೆ ಎಂತ ಮಾಡೋದು? ಮೊದಲು ಟೇಪ್ ಹಿಡೀರಿ

ಸ್ಟೇಟ್‌ಬ್ಯಾಂಕ್ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೂ, ಮನೆಯಲ್ಲೇ ಕೇಳ್ತಾ ಇರುವವರಿಗೂ ಸ್ವಾಗತ. ಇವತ್ತಿನ ವಿಷಯ ಕಟ್ಟಡ ನಿಯಮ ಉಲ್ಲಂಘನೆ. ‘ನನಗೆಂತಕ್ಕೆ ಇದು, ಮನೆ ಇರೋದು ಅಪ್ಪನ ಹೆಸರಲ್ಲಿ’ ಅಂತ ಬಂದ್ ಮಾಡ್ಬೇಡಿ. ಪಾಲಿಕೆಯಿಂದ ಕಾಗದ ಬಂದಾಗ ಅದನ್ನು ಓದಿ ಅರ್ಥ ಹೇಳೋದು, ಫೋಟೋ ತೆಗೆದು ವಕೀಲರಿಗೆ ವಾಟ್ಸ್‌ಆ್ಯಪ್ ಮಾಡೋದು ಹೆಚ್ಚಿನ ಮನೆಗಳಲ್ಲಿ ನೀವೇ.

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡುವ. ಮಂಗಳೂರು ನಗರದೊಳಗೆ 5 ಸೆಂಟ್ಸ್ ಜಾಗ, ಅಂದರೆ ಸುಮಾರು 2,178 ಚದರ ಅಡಿ. ಪಾಸಾದ ಪ್ಲಾನ್‌ನಲ್ಲಿ ಇರೋದು ನೆಲ ಅಂತಸ್ತು ಮತ್ತು ಒಂದು ಮಹಡಿ. ಈಗ ಜಾಗದಲ್ಲಿ ನೋಡಿದರೆ ಮೂರು ವ್ಯತ್ಯಾಸ ಉಂಟು. ಒಂದು, ಮಳೆಗೆ ಸೋರುತ್ತದೆ ಅಂತ ಟೆರೇಸ್ ಮೇಲೆ ಶೀಟ್ ಹಾಕಿದ್ದರು, ಆಮೇಲೆ ಸುತ್ತ ಗೋಡೆ ಕಟ್ಟಿ ಬಾಡಿಗೆಗೆ ಕೊಟ್ಟರು. ಎರಡು, ಪಕ್ಕದಲ್ಲಿ 1.5 ಮೀಟರ್ ಜಾಗ ಬಿಡ್ತೇವೆ ಅಂತ ತೋರಿಸಿ 1.2 ಮೀಟರ್ ಬಿಟ್ಟಿದ್ದಾರೆ. ಮೂರು, ಕಾರ್ ನಿಲ್ಲಿಸುವ ಜಾಗಕ್ಕೆ ಶಟರ್ ಬಿದ್ದು ಅಂಗಡಿ ಆಗಿದೆ.

ನೋಟಿಸ್‌ನಲ್ಲಿ ಈ ಮೂರನ್ನೂ ಸೇರಿಸಿ ‘ಅನಧಿಕೃತ ಕಟ್ಟಡ’ ಅಂತ ಬರೆದಿರಬಹುದು. ಆದರೆ ಮೂರಕ್ಕೂ ಮದ್ದು ಬೇರೆ ಬೇರೆ. ಇವತ್ತು ನಾನು ಹೇಳ್ಬೇಕು ಅಂತಿರೋ ಮುಖ್ಯ ಮಾತು ಇದೇ.

ಮೊದಲ ಕೆಲಸ, ಪಾಸಾದ ಪ್ಲಾನ್ ಹುಡುಕೋದು. ಮನೆಯಲ್ಲಿ ಇಲ್ಲದಿದ್ದರೆ ಲಾಲ್‌ಬಾಗ್‌ನ ಪಾಲಿಕೆ ಕಚೇರಿಯಲ್ಲಿ ನಗರ ಯೋಜನಾ ವಿಭಾಗಕ್ಕೆ ಅರ್ಜಿ ಕೊಟ್ಟು ದೃಢೀಕೃತ ಪ್ರತಿ ಕೇಳಿ. ಮಾಹಿತಿ ಹಕ್ಕು ಕಾಯ್ದೆಯಲ್ಲೂ ಕೇಳಬಹುದು, ಆದರೆ ಅದಕ್ಕೆ 30 ದಿನದ ಗಡುವು. ನೋಟಿಸ್‌ನ ಗಡುವು ಅದಕ್ಕಿಂತ ಮೊದಲೇ ಮುಗಿಯಬಹುದು. ಹಾಗಾಗಿ ‘ಪ್ರತಿ ಸಿಗುವವರೆಗೆ ಕಾಲಾವಕಾಶ ಕೊಡಿ’ ಅಂತ ಬರವಣಿಗೆಯಲ್ಲೇ ಕೇಳಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ.

ಎರಡನೇ ಕೆಲಸ, ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಕೈಯಲ್ಲಿ ಇಡೀ ಕಟ್ಟಡ ಅಳೆಸೋದು. ಮೂರು ಸಾಲಿನ ಒಂದು ಪಟ್ಟಿ ಮಾಡಿಸಿ: ನಿಯಮದಲ್ಲಿ ಎಷ್ಟು, ಪ್ಲಾನ್‌ನಲ್ಲಿ ಎಷ್ಟು, ಕಟ್ಟಿದ್ದು ಎಷ್ಟು. ಈ ‘ನಿಯಮದಲ್ಲಿ ಎಷ್ಟು’ ಅನ್ನೋ ಸಾಲನ್ನು ಹೆಚ್ಚಿನವರು ಬಿಟ್ಟೇ ಬಿಡ್ತಾರೆ. ನಮ್ಮ ಉದಾಹರಣೆಯ ಪಕ್ಕದ ಗೋಡೆ ತಗೊಳ್ಳಿ. ನಿಮ್ಮ ಸೈಟಿಗೆ ನಿಯಮ ಕೇಳುವ ಕನಿಷ್ಠ ಅಂತರ 1 ಮೀಟರ್ ಅಂತ ಇದ್ದರೆ, ನೀವು ಮೀರಿದ್ದು ನಿಮ್ಮದೇ ಪ್ಲಾನನ್ನು, ನಿಯಮವನ್ನು ಮೀರಿಲ್ಲ. ಆಗ ಪರಿಷ್ಕೃತ ನಕ್ಷೆ ಸಲ್ಲಿಸಿ, ಶುಲ್ಕ ಕಟ್ಟಿ ಸರಿ ಮಾಡಿಸುವ ದಾರಿ ಇರ್ತದೆ. ನಿಯಮವೇ 1.5 ಮೀಟರ್ ಕೇಳಿದರೆ ಕಷ್ಟ. ದಂಡ ಕಟ್ಟಿ ಮನ್ನಾ ಮಾಡಿಸುವ ಅವಕಾಶ ಇದ್ದರೂ ಅದು ಬಹಳ ಸಣ್ಣ ವ್ಯತ್ಯಾಸಕ್ಕೆ ಮಾತ್ರ. ಮಿತಿ ಶೇ. 5 ಅಂತ ಲೆಕ್ಕ ಹಾಕಿದರೂ 1.5 ಮೀಟರ್‌ನಲ್ಲಿ ಅದು ಏಳೂವರೆ ಸೆಂಟಿಮೀಟರ್. ನೀವು ಒಳಗೆ ತಗೊಂಡದ್ದು 30 ಸೆಂಟಿಮೀಟರ್, ಅಂದರೆ ಶೇ. 20. ‘ಒಂದು ಅಡಿ ಅಷ್ಟೇ ಅಲ್ವಾ ಮಾರಾಯ್ರೆ’ ಅಂದರೆ ಲೆಕ್ಕ ಕೇಳೋದಿಲ್ಲ.

ಮೇಲಿನ ಮಹಡಿಗೂ ಇದೇ ಕ್ರಮ. ಎಫ್‌ಎಆರ್, ಎತ್ತರ, ಎದುರಿನ ರಸ್ತೆಯ ಅಗಲ, ಪಾರ್ಕಿಂಗ್ ಇವೆಲ್ಲ ಒಪ್ಪಿದರೆ ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕಬಹುದು. ಒಪ್ಪದಿದ್ದರೆ ಗೋಡೆ ತೆಗೆಯಬೇಕಾಗ್ತದೆ. ಪಾರ್ಕಿಂಗ್‌ನಲ್ಲಿರೋ ಅಂಗಡಿಗೆ ಮಾತ್ರ ಸುತ್ತುದಾರಿ ಹುಡುಕ್ಬೇಡಿ. ಶಟರ್ ತೆಗೆದು ಮೊದಲಿನ ಹಾಗೆ ಮಾಡಿ, ಫೋಟೋ ತೆಗೆದು, ಉತ್ತರದ ಜೊತೆ ಲಗತ್ತಿಸಿ. ಒಂದನ್ನು ನೀವೇ ಸರಿ ಮಾಡಿದ್ದು ದಾಖಲೆಯಲ್ಲಿ ಕಂಡರೆ ಉಳಿದ ಎರಡರ ಬಗ್ಗೆ ವಾದಿಸೋದು ಸುಲಭ. ತೋಡಿನ ಮೇಲೆ, ರಸ್ತೆಯ ಜಾಗದಲ್ಲಿ ಕಟ್ಟಿದ್ದಾದರೆ ಅದಕ್ಕೆ ಸಕ್ರಮದ ಆಸೆ ಇಟ್ಟುಕೊಳ್ಳಬೇಡಿ.

ಈಗ ಕಾನೂನಿನ ಹಂತಗಳು. ನಮ್ಮ ಪಾಲಿಕೆಗೆ ಅನ್ವಯಿಸೋದು ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976. ಅದರ 321ನೇ ಕಲಂ ಓದಿದರೆ ಮೂರು ಮೆಟ್ಟಿಲು ಕಾಣ್ತದೆ. 321(1) ತಾತ್ಕಾಲಿಕ ಆದೇಶ. 321(2) ಅದರ ಪ್ರತಿಯ ಜೊತೆ ‘ಯಾಕೆ ಕೆಡವಬಾರದು, ಕಾರಣ ಕೊಡಿ’ ಅನ್ನೋ ನೋಟಿಸ್. 321(3) ನಿಮ್ಮ ಉತ್ತರ ತೃಪ್ತಿಕರ ಅಲ್ಲ ಅನ್ನಿಸಿದರೆ ಆದೇಶವನ್ನು ಖಾಯಂ ಮಾಡೋದು. ನೋಟಿಸ್ ಕೈಗೆ ಬಂದ ಕೂಡಲೇ ನೋಡಬೇಕಾದ್ದು ಆವರಣದೊಳಗಿನ ಈ ಸಂಖ್ಯೆ. 2 ಇದ್ದರೆ ಉತ್ತರ ಕೊಡುವ ಸಮಯ. 3 ಇದ್ದರೆ ಮೇಲ್ಮನವಿಯ ಸಮಯ, ಆ ದಿನವೇ ವಕೀಲರ ಹತ್ರ ಹೋಗಿ.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇಲ್ಲಿ ಮನೆ ಮಾಲೀಕರ ನೆರವಿಗೆ ಬರ್ತದೆ. ‘ಬುಲ್ಡೋಜರ್ ತೀರ್ಪು’ ಅಂತ ಸುದ್ದಿಯಲ್ಲಿ ಕೇಳಿರ್ತೀರಿ. ಅದರ ಪ್ರಕಾರ ನೋಟಿಸ್‌ಗೆ ಉತ್ತರಿಸಲು ಸ್ಥಳೀಯ ಕಾನೂನು ಕೊಡುವ ಸಮಯ ಅಥವಾ 15 ದಿನ, ಯಾವುದು ಹೆಚ್ಚೋ ಅದು ಸಿಗಬೇಕು. ಯಾವ ಭಾಗದಲ್ಲಿ ಎಂತ ಉಲ್ಲಂಘನೆ ಅಂತ ನೋಟಿಸ್‌ನಲ್ಲೇ ಇರಬೇಕು. ಖುದ್ದು ವಿಚಾರಣೆಗೆ ಅವಕಾಶ ಬೇಕು. ಅಂತಿಮ ಆದೇಶದಲ್ಲಿ, ಇದು ದಂಡ ಕಟ್ಟಿ ಸರಿಪಡಿಸಬಹುದಾದ್ದಾ ಅಲ್ವಾ, ಕೆಡವೋದೊಂದೇ ದಾರಿ ಯಾಕೆ ಅನ್ನೋದಕ್ಕೆ ಕಾರಣ ಬರೆಯಬೇಕು. ಆದೇಶ ಕೈಗೆ ಬಂದ ಮೇಲೂ 15 ದಿನ ಅದನ್ನು ಜಾರಿ ಮಾಡುವ ಹಾಗಿಲ್ಲ. ಆದರೆ ರಸ್ತೆ, ಫುಟ್‌ಪಾತ್, ನದಿ, ಕೆರೆಯಂಥ ಸಾರ್ವಜನಿಕ ಜಾಗದ ಕಟ್ಟಡಕ್ಕೆ, ಕೋರ್ಟೇ ಕೆಡವಲು ಹೇಳಿದ ಪ್ರಕರಣಕ್ಕೆ ಈ ರಕ್ಷಣೆ ಇಲ್ಲ.

ಆ ‘ದಂಡ ಕಟ್ಟಿ ಸರಿಪಡಿಸಬಹುದಾ’ ಅನ್ನೋ ಪ್ರಶ್ನೆಗೆ ನಿಮ್ಮ ಕಡೆಯ ಉತ್ತರವೇ ಆ ಮೂರು ಸಾಲಿನ ಪಟ್ಟಿ. ಅದು ಇಲ್ಲದೆ ‘ನಾವು ಬಡವರು, ದಯೆ ತೋರಿಸಿ’ ಅಂತ ಬರೆದರೆ ಅಧಿಕಾರಿಗೆ ದಾಖಲೆಯಲ್ಲಿ ಬರೆಯಲು ಎಂತದೂ ಸಿಗೋದಿಲ್ಲ.

ಇನ್ನು ಮನೆಗಳಲ್ಲಿ ಕೇಳಿಬರುವ ಮೂರು ಮಾತು.

‘ಅಕ್ರಮ-ಸಕ್ರಮ ಬರ್ತದೆ, ಆಗ ನೋಡುವ.’ ಆ ಯೋಜನೆಯಲ್ಲಿ ವಾಸದ ಕಟ್ಟಡಕ್ಕೆ ಶೇ. 50, ವಾಣಿಜ್ಯ ಕಟ್ಟಡಕ್ಕೆ ಶೇ. 25ರವರೆಗಿನ ಉಲ್ಲಂಘನೆ ಸಕ್ರಮ ಮಾಡುವ ಲೆಕ್ಕ ಇತ್ತು. ಅದೂ 2013ರ ಅಕ್ಟೋಬರ್ 19ರ ಒಳಗೆ ಕಟ್ಟಿದ್ದಕ್ಕೆ. ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದನ್ನು ನಂಬಿ ನೋಟಿಸ್‌ಗೆ ಉತ್ತರ ಕೊಡದೆ ಕೂರೋದು ಬೇಡ.

‘ತೆರಿಗೆ ಕಟ್ತಾ ಇದ್ದೇವೆ, ಬಿ-ಖಾತಾನೂ ಉಂಟು.’ ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮ ಆಗೋದಿಲ್ಲ. 2025ರ ಫೆಬ್ರವರಿಯಲ್ಲಿ ಅಭಿಯಾನ ಮಾಡಿ ಕೊಟ್ಟ ಬಿ-ಖಾತಾ ಕೂಡ ಆಸ್ತಿಯನ್ನು ತೆರಿಗೆ ಲೆಕ್ಕಕ್ಕೆ ತರುವ ದಾಖಲೆ. ಅದು ಪ್ಲಾನ್ ಪಾಸ್ ಆದ ಹಾಗಲ್ಲ.

‘ಇಷ್ಟು ವರ್ಷ ಯಾರೂ ಕೇಳ್ಲಿಲ್ಲ.’ ಉತ್ತರಪ್ರದೇಶದ ಮೀರತ್‌ನಲ್ಲಿ ವಾಸದ ಸೈಟಲ್ಲಿ ಅಂಗಡಿಗಳನ್ನು ಕಟ್ಟಿದ ಪ್ರಕರಣದಲ್ಲಿ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಇದೇ ವಾದ ಕೇಳಿ ತಳ್ಳಿಹಾಕಿತು. ಅಧಿಕಾರಿಗಳು ತಡಮಾಡಿದರು ಅಂತ ಅಕ್ರಮ ಸಕ್ರಮ ಆಗೋದಿಲ್ಲ ಅಂದಿತು. ಜೊತೆಗೆ ಮುಕ್ತಾಯ ಅಥವಾ ಸ್ವಾಧೀನ ಪ್ರಮಾಣಪತ್ರ ನೋಡಿಯೇ ಕರೆಂಟ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಅಂತ ನಿರ್ದೇಶನ ಕೊಟ್ಟಿತು. 2025ರಲ್ಲಿ ರಾಜ್ಯದಲ್ಲಿ ಹೊಸ ಮನೆಗಳ ಕರೆಂಟ್ ಸಂಪರ್ಕದ ಗಲಾಟೆ ಎದ್ದದ್ದು ಇದರಿಂದಲೇ.

ಕೊನೆಗೆ ನಷ್ಟ ಬೀಳೋದು ಯಾರಿಗೆ ಅಂತ ಯೋಚಿಸಿ. ಅಪ್ಪ-ಅಮ್ಮ ಬಾಡಿಗೆ ನಂಬಿ ಕಟ್ಟಿದ ಮಹಡಿ ಅದು. ನಾಳೆ ನೀವು ಮನೆ ಮೇಲೆ ಸಾಲ ತೆಗೆಯಲು ಹೋದಾಗ, ಪಾಲು ಮಾಡಲು ಕೂತಾಗ ಈ ವ್ಯತ್ಯಾಸ ಎದುರಿಗೆ ಬಂದು ನಿಲ್ತದೆ. ಮೇಲೆ ಬಾಡಿಗೆಗಿರುವ ಸಂಸಾರಕ್ಕೂ ವಿಷಯ ಮೊದಲೇ ತಿಳಿಸಿ, ಜೆಸಿಬಿ ಬಂದ ದಿನ ಅಲ್ಲ. ನೋಟಿಸ್ ಬಾರದಿದ್ದರೂ ಈ ಭಾನುವಾರ ಪ್ಲಾನ್ ಹುಡುಕಿ, ಟೇಪ್ ಹಿಡಿದು ಒಂದು ಸುತ್ತು ಬನ್ನಿ.

ನಿಮ್ಮ ಪ್ರಶ್ನೆಗಳನ್ನು ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ವಾರ ಮತ್ತೆ ಸಿಗುವ.