ಚಹಾ ಬಟ್ಟಲಿನ ಮುಂದೆ ಜಪಾನಿ ಪಾಠ

ಜಪಾನಿನ ಸಾಂಪ್ರದಾಯಿಕ ಚಹಾಕೂಟದಲ್ಲಿ ಅತಿಥಿಯು ಬಟ್ಟಲನ್ನು ಕೈಗೆತ್ತಿಕೊಂಡೊಡನೆ ಕುಡಿಯುವಂತಿಲ್ಲ. ಅದನ್ನು ತನಗೂ ಪಕ್ಕದಲ್ಲಿ ಕುಳಿತವರಿಗೂ ನಡುವೆ ಇರಿಸಿ 'ಒಸಾಕಿ ನಿ' ಎನ್ನಬೇಕು. ನಿಮಗಿಂತ ಮೊದಲು ಸ್ವೀಕರಿಸುತ್ತಿದ್ದೇನೆ ಎಂಬುದು ಅದರ ಭಾವ. ಬಳಿಕ ಬಟ್ಟಲನ್ನು ತನ್ನ ಮುಂದಿರಿಸಿಕೊಂಡು, ಚಹಾ ಸಿದ್ಧಪಡಿಸಿದವರಿಗೆ 'ಒತೆಮಾಯೆ ಚೋದಾಯ್ ಇತಾಶಿಮಾಸು' ಎಂದು ತಲೆಬಾಗಬೇಕು. ಪಠ್ಯಪುಸ್ತಕದಲ್ಲಿ ಈ ಎರಡೂ ವಾಕ್ಯಗಳನ್ನು ಕಂಠಪಾಠ ಮಾಡಬಹುದು. ಆದರೆ ಯಾವ ಮಾತು ಯಾರೆಡೆಗೆ, ಯಾವ ಕ್ಷಣದಲ್ಲಿ ಎಂಬುದು ಪುಟದ ಮೇಲೆ ಮನದಟ್ಟಾಗುವುದು ಕಷ್ಟ. ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್ ತಂತ್ರಜ್ಞಾನವು ಭಾಷಾ ಕಲಿಕೆಗೆ ನೆರವಾಗಬಲ್ಲದ್ದು ಇಲ್ಲಿಯೇ.

ಈ ಹೆಸರಿನಲ್ಲಿ ದೊರೆಯುವ ಅನುಭವಗಳೆಲ್ಲ ಒಂದೇ ಬಗೆಯವಲ್ಲ. ಸುತ್ತಲಿನ ದೃಶ್ಯವನ್ನು 360 ಡಿಗ್ರಿಯಲ್ಲಿ ಚಿತ್ರೀಕರಿಸಿದ ವಿಡಿಯೋಗಳು ಒಂದು ವಿಧ. ಇವುಗಳಲ್ಲಿ ತಲೆ ತಿರುಗಿಸಿ ನೋಡಬಹುದೇ ವಿನಾ ಒಂದು ಹೆಜ್ಜೆಯೂ ಮುಂದಿಡಲಾಗದು. ಕಂಪ್ಯೂಟರ್ ಸೃಷ್ಟಿಸಿದ ಕೋಣೆಗಳು ಇನ್ನೊಂದು ವಿಧ. ಹೆಡ್‌ಸೆಟ್‌ನ ಕ್ಯಾಮೆರಾಗಳು ಹಾಗೂ ಸಂವೇದಕಗಳು ತಲೆ ಮತ್ತು ಕೈಗಳ ಸ್ಥಾನವನ್ನು ಗುರುತಿಸುತ್ತಲೇ ಇರುವುದರಿಂದ ಕಲಿಯುವವರು ಬಾಗಿದರೆ ಕೋಣೆಯ ನೋಟವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಚಹಾಗೃಹದ 'ನಿಜಿರಿಗುಚಿ' ಎಂಬ ಪ್ರವೇಶದ್ವಾರದ ಎತ್ತರ ಸುಮಾರು ಎರಡು ಅಡಿ ಮಾತ್ರ. ಎಂಥವರೂ ಬಗ್ಗಿಯೇ ಒಳಸೇರಬೇಕು. 16ನೇ ಶತಮಾನದ ಚಹಾಗುರು ಸೆನ್ ನೋ ರಿಕ್ಯೂ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಬಾಗಿಲನ್ನು ವಿಡಿಯೋದಲ್ಲಿ ನೋಡುವುದಕ್ಕೂ, ಬೆನ್ನು ಬಾಗಿಸಿ ಒಳಹೋಗುವುದಕ್ಕೂ ವ್ಯತ್ಯಾಸವಿದೆ.

ಇಷ್ಟೆಲ್ಲ ಏಕೆ ಎಂಬ ಪ್ರಶ್ನೆಗೆ ಉತ್ತರ ಜಪಾನಿ ಭಾಷೆಯ ಗೌರವಸೂಚಕ ವ್ಯವಸ್ಥೆಯಲ್ಲಿದೆ. 'ಹೇಳು' ಎಂಬುದಕ್ಕೆ ಅಲ್ಲಿ ಸಾಮಾನ್ಯ ಪದ 'ಇಯು'. ಹಿರಿಯರು ಹೇಳಿದರೆ 'ಒಶ್ಶಾರು'; ಹಿರಿಯರ ಮುಂದೆ ತಾನು ಹೇಳಿದರೆ 'ಮೋಸು'. ಕನ್ನಡಿಗರಿಗೆ ಇದು ತೀರ ಹೊಸತಲ್ಲ. 'ಅಪ್ಪಣೆ ಕೊಡಿಸು', 'ಬಿನ್ನವಿಸು' ಎಂಬ ಜೋಡಿ ನಮ್ಮಲ್ಲೂ ಇದೆ. ನಮ್ಮಲ್ಲಿ ಅದು ನಿತ್ಯದ ಮಾತಿನಿಂದ ಬಹುಮಟ್ಟಿಗೆ ದೂರವಾಗಿದೆ, ಅಲ್ಲಿ ಅಂಗಡಿ-ಕಚೇರಿಗಳಲ್ಲೂ ಜೀವಂತವಾಗಿದೆ. ಉಚ್ಚಾರದಲ್ಲಿಯೂ ಕನ್ನಡಿಗರಿಗೆ ಅನುಕೂಲವುಂಟು. 'ಒಬಾಸಾನ್' ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ಬಾ ಇನ್ನಷ್ಟು ದೀರ್ಘವಾದರೆ ಅಜ್ಜಿ. 'ಕಿತೆ' ಎಂದರೆ ಬಂದು, 'ಕಿತ್ತೆ' ಎಂದರೆ ಅಂಚೆಚೀಟಿ. ಬಳೆ-ಬಾಳೆ, ಕತೆ-ಕತ್ತೆಗಳ ಭೇದ ತಿಳಿದ ಕಿವಿಗೆ ಇದು ಬೇಗ ದಕ್ಕುತ್ತದೆ.

ಇದು ಬರೀ ಹವ್ಯಾಸಿಗಳ ವಿಷಯವೂ ಅಲ್ಲ. ನಿರ್ದಿಷ್ಟ ಕುಶಲ ಕಾರ್ಮಿಕರನ್ನು ಜಪಾನಿಗೆ ಕಳುಹಿಸುವ ಬಗ್ಗೆ ಭಾರತ ಮತ್ತು ಜಪಾನ್ 2021ರ ಜನವರಿಯಲ್ಲಿ ಸಹಕಾರ ಒಪ್ಪಂದ ಮಾಡಿಕೊಂಡಿವೆ. ವೃದ್ಧರ ಆರೈಕೆಯೂ ಅದರ ಕ್ಷೇತ್ರಗಳಲ್ಲೊಂದು. ಈ ವೀಸಾಕ್ಕೆ ಸಾಮಾನ್ಯವಾಗಿ ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆಯ (ಜೆಎಲ್‌ಪಿಟಿ) ಎನ್4 ಹಂತ ಅಥವಾ ಅದಕ್ಕೆ ಸಮನಾದ ಅರ್ಹತೆ ಬೇಕು. ಬೆಂಗಳೂರಿನಲ್ಲಿಯೂ ನಡೆಯುವ ಜೆಎಲ್‌ಪಿಟಿಯು ಶಬ್ದ, ವ್ಯಾಕರಣ, ಓದು, ಆಲಿಸುವಿಕೆಗಳನ್ನು ಅಳೆಯುತ್ತದೆ. ಮಾತನಾಡುವ ಪರೀಕ್ಷೆ ಅದರಲ್ಲಿಲ್ಲ. ಎಂಬತ್ತರ ಅಜ್ಜಿಗೆ ಊಟ ಬಡಿಸುವಾಗ ಯಾವ ಕ್ರಿಯಾಪದ ಬಳಸಬೇಕೆಂಬುದನ್ನು ಪ್ರಮಾಣಪತ್ರ ಪಡೆದವರು ಬೇರೆ ದಾರಿಯಿಂದಲೇ ಕಲಿಯಬೇಕಾಗುತ್ತದೆ.

ಆ ದಾರಿ ಹೆಡ್‌ಸೆಟ್ ಒಂದೇ ಎಂದೇನೂ ಅಲ್ಲ. ತತಾಮಿ ಚಾಪೆಯ ಮೇಲೆ ಮಂಡಿಯೂರಿ ಕುಳಿತ ಕಾಲು ಜೋಮು ಹಿಡಿಯುವುದಾಗಲಿ, ಮಾಚಾ ಚಹಾದ ಕಹಿಯಾಗಲಿ, ಬಟ್ಟಲಿನ ಬಿಸಿಯಾಗಲಿ ಅದರಲ್ಲಿ ಸಿಗದು. ಕಣ್ಣಿಗೆ ಕಾಣುವ ಚಲನೆ ಒಳಕಿವಿಗೆ ಅರಿವಾಗದ ಕಾರಣ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುವುದೂ ಉಂಟು. ಮಾತನ್ನು ಗುರುತಿಸುವ ತಂತ್ರಾಂಶವು ಪದ ಸರಿಯಿದೆ ಎನ್ನಬಹುದು. ಆದರೆ ತಲೆಬಾಗುವ ಮುನ್ನವೇ ಮಾತು ಮುಗಿಸಿದ ಶಿಷ್ಯನನ್ನು ಗುರುಗಳು ತಡೆಯುವಂತೆ ಅದು ತಡೆಯಬೇಕಾದರೆ, ಆ ಸೂಕ್ಷ್ಮವನ್ನು ತಯಾರಕರು ಮೊದಲೇ ಅದರಲ್ಲಿ ಅಳವಡಿಸಿರಬೇಕು.

ಜೀವಂತ ವ್ಯಕ್ತಿಗಳೊಡನೆ ಮಾತನಾಡಬಯಸುವವರಿಗೆ ವಿಆರ್‌ಚಾಟ್‌ನಂತಹ ತಾಣಗಳಿವೆ. ಜಪಾನಿಯರೂ ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರುತ್ತಾರೆ. ಆದರೆ ಅಲ್ಲಿ ಕೇಳಿಬರುವುದು ಹೆಚ್ಚಾಗಿ ಗೆಳೆಯರ ನಡುವಿನ ಸಲುಗೆಯ ಭಾಷೆ. ಅದನ್ನೇ ಕಲಿತು ಆರೈಕೆ ಕೇಂದ್ರದಲ್ಲಿ ಅಜ್ಜಿಯೆದುರು ಆಡಿದರೆ, ಹಿರಿಯರನ್ನು 'ಏನೋ' ಎಂದು ಮಾತನಾಡಿಸಿದಂತಾದೀತು.