ಸಿಂಧುದುರ್ಗದ ಎದುರು, ಟೆಂಟ್‌ನಲ್ಲಿ ಒಂದು ರಾತ್ರಿ

ಉಳ್ಳಾಲದ ಕಡಲ ಬದಿಯಲ್ಲಿ ಹುಟ್ಟಿದ ನನಗೆ ನಿಪ್ಪಾಣಿಯಲ್ಲಿ ಸಿಗದ್ದು ಒಂದೇ, ಅಲೆಯ ಸದ್ದು. ಹನ್ನೊಂದು ವರ್ಷದ ಹಿಂದೆ ಬೇಕರಿ ಕೆಲಸಕ್ಕೆಂದು ಬಂದವ ಇಲ್ಲೇ ಉಳಿದುಬಿಟ್ಟೆ. ಮಕ್ಕಳಿಗೆ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಕಡಲು ಮಾತ್ರ ರಜೆಯಲ್ಲಿ ಉಮ್ಮನ ಮನೆಗೆ ಹೋದಾಗ ಸಿಗುವಂಥದ್ದು.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಇರುವ ನಮ್ಮವರು ಒಂದು ವಿಷಯ ಮರೆಯುತ್ತಾರೆ. ಮಂಗಳೂರಿಗಿಂತ, ಕಾರವಾರಕ್ಕಿಂತಲೂ ನಮಗೆ ಹತ್ತಿರ ಮಹಾರಾಷ್ಟ್ರದ ಮಾಲ್ವಣದ ಕಡಲು. ಸಂಕೇಶ್ವರದಿಂದ ಆಜರಾ, ಅಂಬೋಲಿ ಘಾಟಿ ಇಳಿದು ಸಾವಂತವಾಡಿ, ಕುಡಾಳ ದಾಟಿದರೆ ಆಯಿತು. ಸುಬಹಿ ಮುಗಿಸಿ ಹೊರಟ ನಾವು ಮಧ್ಯಾಹ್ನದ ಊಟಕ್ಕೆ ಅಲ್ಲಿದ್ದೆವು. ಜೊತೆಗೆ ರಾಯಬಾಗ ಕಡೆಯ ಗೆಳೆಯನ ಕುಟುಂಬವೂ ಇತ್ತು.

ಮಾಲ್ವಣದ ಜೆಟ್ಟಿಯಿಂದ ದೋಣಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಸಿಂಧುದುರ್ಗ. ಕುರ್ಟೆ ಎಂಬ ನಡುಗಡ್ಡೆಯ ಮೇಲೆ 1664ರ ನವೆಂಬರ್‌ನಲ್ಲಿ ಶಿವಾಜಿ ಕಟ್ಟಲು ಶುರುಮಾಡಿದ ಕೋಟೆ 1667ಕ್ಕೆ ಮುಗಿಯಿತು. ಒಟ್ಟು 48 ಎಕರೆ. ಅಡಿಪಾಯದ ಕಲ್ಲುಗಳಿಗೆ ಸೀಸ ಎರೆದು ಕೂರಿಸಿದ್ದಾರೆ. ಬಾಗಿಲನ್ನು ಬುರುಜುಗಳ ನಡುವೆ ಎಷ್ಟು ಜಾಣತನದಿಂದ ಅಡಗಿಸಿದ್ದಾರೆ ಅಂದರೆ, ದೋಣಿ ತೀರಾ ಹತ್ತಿರ ಬರುವವರೆಗೆ ಮಗ "ಬಾಗಿಲೇ ಇಲ್ಲವಲ್ಲಾ" ಎನ್ನುತ್ತಲೇ ಇದ್ದ. ಸುತ್ತ ಉಪ್ಪು ನೀರು, ಒಳಗೆ ಸಿಹಿ ನೀರಿನ ಮೂರು ಬಾವಿ. ಹಾಲು, ಮೊಸರು, ಸಕ್ಕರೆ ಅಂತ ಅವುಗಳ ಹೆಸರು! ಆ ನೌಕಾಪಡೆಯ ದೊಡ್ಡ ಸರದಾರರಲ್ಲಿ ದೌಲತ್ ಖಾನ್ ಒಬ್ಬರು ಎಂಬುದನ್ನೂ ಮಕ್ಕಳಿಗೆ ಹೇಳಿದೆ. ಶಾಲೆಯ ಪುಸ್ತಕದಲ್ಲಿ ಅವರು ಆ ಹೆಸರು ಕಂಡಿರಲಿಲ್ಲ. 1765ರಲ್ಲಿ ಇಂಗ್ಲಿಷರು ಹಿಡಿದು ಫೋರ್ಟ್ ಅಗಸ್ಟಸ್ ಅಂತ ಹೆಸರಿಟ್ಟರು. ಆ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. 2025ರ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆಗೆ ಸೇರಿಸಿದ 12 ಮರಾಠಾ ಕೋಟೆಗಳಲ್ಲಿ ಇದೂ ಒಂದು.

ಕೋಟೆಯೊಳಗೆ ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ, ಸಂಜೆಗೆ ದೋಣಿ ನಿಲ್ಲುತ್ತದೆ. ಮಳೆಗಾಲದಲ್ಲಂತೂ ದೋಣಿಯೇ ಇಲ್ಲ. ಟೆಂಟ್ ಬೇಕಾದವರು ಪಕ್ಕದ ತಾರ್ಕರ್ಲಿಗೆ ಹೋಗಬೇಕು. ಗಾಳಿಮರದ ತೋಪು, ಮರಳು, ನಾಲ್ಕು ಹೆಜ್ಜೆಗೆ ನೀರು. ರಾತ್ರಿ ಬಂಗುಡೆ ಹುರಿದದ್ದು, ಅಂಜಲ್ ಸಾರು (ಅಲ್ಲಿ ಅದು ಸುರ್ಮಾಯಿ), ಮೇಲೆ ಸೋಲಕಡಿ. ಸೋಲಕಡಿ ಅಂದರೆ ನಮ್ಮ ಪುನರ್ಪುಳಿಗೆ ತೆಂಗಿನ ಹಾಲು ಸೇರಿಸಿದ್ದು, ಅಷ್ಟೇ. ನನ್ನವಳು ಎರಡು ಲೋಟ ಕುಡಿದು, "ಊರಿನ ರುಚಿಯೇ, ಆದರೆ ನಮ್ಮದು ಮೇಲು" ಎಂದು ತೀರ್ಪು ಕೊಟ್ಟಳು. ಮಗ್ರಿಬ್‌ಗೆ ಕಿಬ್ಲಾ ಹುಡುಕುವ ಕಷ್ಟವಿಲ್ಲ, ಕಡಲಿಗೆ ಮುಖ ಮಾಡಿ ತುಸು ಬಲಕ್ಕೆ ತಿರುಗಿದರೆ ಆಯಿತು.

ನಿಜವಾಗಿ ಹೇಳಬೇಕಾದ್ದು ಮರುದಿನ ಬೆಳಗ್ಗಿನದು. ಗೆಳೆಯನ ತಮ್ಮ, ಇಪ್ಪತ್ತರ ಹುಡುಗ, ಅಂಗಿ ಕಳಚಿ ನೀರಿಗಿಳಿದ. ತಡೆದರೆ ನಗುತ್ತಾನೆ. "ಕೃಷ್ಣಾ ಹೊಳ್ಯಾಗ ಈಸಿ ಬೆಳದವ್ರು ನಾವು, ಇದೇನ್ ಮಹಾ ಬಿಡ್ರೀ ಭಾಯ್!"

ನಾನು ಅವನ ತೋಳು ಬಿಡಲಿಲ್ಲ. 2017ರ ಏಪ್ರಿಲ್‌ನಲ್ಲಿ ಇದೇ ಮಾಲ್ವಣದ ವಾಯರಿ ಕಿನಾರೆಯಲ್ಲಿ ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜಿನ 8 ಮಂದಿ ಮುಳುಗಿ ಸತ್ತರು. ನಮ್ಮ ಜಿಲ್ಲೆಯಿಂದಲೇ ನಗುತ್ತಾ ಹೊರಟ ಮಕ್ಕಳು. ಹೊಳೆಯ ನೀರು ಒಂದೇ ಕಡೆಗೆ ಹರಿಯುತ್ತದೆ, ಈಸುವವನಿಗೆ ಅದರ ಲೆಕ್ಕ ಗೊತ್ತು. ಕಡಲು ಹಾಗಲ್ಲ. ಅಲೆ ತಂದು ಹಾಕಿದ ನೀರು ಎಲ್ಲೋ ಒಂದು ಕಿರಿದಾದ ದಾರಿಯಲ್ಲಿ ಒಟ್ಟಾಗಿ ಹಿಂದಕ್ಕೆ ಹೋಗುತ್ತದೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಎಷ್ಟೋ ಸಲ ಆ ದಾರಿ. ಹೊಸಬ ಹುಡುಕಿಕೊಂಡು ಹೋಗುವುದೂ ಅಲ್ಲಿಗೇ. ಸೆಳೆತಕ್ಕೆ ಸಿಕ್ಕವ ದಡದತ್ತ ನೇರ ಈಸಲು ಹೋಗಿ ದಣಿಯುತ್ತಾನೆ. ಹಾಗೆ ಮಾಡಬಾರದು. ದಡಕ್ಕೆ ಸಮವಾಗಿ ಪಕ್ಕಕ್ಕೆ ಈಸಿ ಹೊರಬರಬೇಕು, ಆಗದಿದ್ದರೆ ತೇಲುತ್ತಾ ಕೈ ಎತ್ತಬೇಕು. ದೇವಬಾಗದಲ್ಲಿ ಕರ್ಲಿ ನದಿ ಕಡಲು ಸೇರುವ ಜಾಗದ ಹತ್ತಿರವಂತೂ ಇಳಿಯಲೇಬಾರದು.

ದೋಣಿಯಲ್ಲಿ ಲೈಫ್ ಜಾಕೆಟ್ ಕೇಳಲು ನಾಚಿಕೆ ಬೇಡ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದದ್ದು ನೆನಪಿರಬೇಕು. ಕೋಟೆಗೆ ಹೋಗುವಾಗ ನಮ್ಮ ದೋಣಿಯಲ್ಲಿ ಅರ್ಧ ಜನ ಜಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಫೋಟೊ ತೆಗೆಯುತ್ತಿದ್ದರು. ನನ್ನ ಮಗಳೂ ಅಷ್ಟೇ, "ಬಾಪ, ಸೆಕೆ" ಅಂತ. ಬಕಲ್ ಹಾಕಿಸಿಯೇ ಕೂರಿಸಿದೆ.

ಹುಡುಗ ಮೊದಲು ಮುಖ ಊದಿಸಿಕೊಂಡ. ಆಮೇಲೆ ಅಲ್ಲಿಯ ಮೀನುಗಾರರೊಬ್ಬರನ್ನು ಕರೆತಂದು ಕೇಳಿಸಿದೆ. ಅವರು ನೀರನ್ನು ನೋಡಿ ಬೆರಳು ತೋರಿಸಿ ಮರಾಠಿಯಲ್ಲಿ ಎರಡೇ ಮಾತು ಹೇಳಿದರು: ಇಲ್ಲಿ ಸರಿ, ಅಲ್ಲಿ ಬೇಡ. ಸರಿ ಅಂದ ಜಾಗದಲ್ಲಿ ಮೊಣಕಾಲು ಮಟ್ಟದ ನೀರಿನಲ್ಲಿ ಎಲ್ಲರೂ ಗಂಟೆಗಟ್ಟಲೆ ಬಿದ್ದುಕೊಂಡಿದ್ದೆವು, ನಾನೂ.

ವಾಪಸ್ ಬರುವಾಗ ಅಂಬೋಲಿಯಲ್ಲಿ ಚಹಾಕ್ಕೆ ನಿಲ್ಲಿಸಿದರೆ ಮಕ್ಕಳೆಲ್ಲ ನಿದ್ದೆ. ಉಮ್ಮನಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಮಾತು, "ನೀರಿಗೆ ಇಳಿದಿರಾ? ಎಲ್ಲಿಯವರೆಗೆ?"